ಬಸಲಿಂಗವ್ವನ ಹಿಡಿ

ನಮ್ಮೂರಿಗೆ ನೆಂಟರು ಬರುವುದು ಕಡಿಮೆ. ಬಂದವರೂ ಮುಖ ಊದಿಸಿಕೊಂಡೇ ಬರುತ್ತಾರೆ. ಹೋದ ಸಲ ಊರಿದ್ದ ಜಾಗಕ್ಕೆ ಹೋಗಿ, ಅಲ್ಲಿ ಬರೀ ಬಯಲು ನೋಡಿ, ಕುರಿ ಕಾಯುವವರನ್ನು ಕೇಳಿಕೊಂಡು, ಬಿಸಿಲಲ್ಲಿ ಸುತ್ತಿ ಕೊನೆಗೆ ನಮ್ಮ ಬಾಗಿಲಿಗೆ ಬಂದು ಚೀಲ ಒಗೆಯುತ್ತಾರೆ. ಒಂದು ಮಾತು ತಿಳಿಸಬಾರದಾಗಿತ್ತೇ ಎನ್ನುವುದು ಅವರ ತಕರಾರು. ಏನೆಂದು ತಿಳಿಸುವುದು? ಊರು ನಡೆಯುತ್ತದೆ. ನಮ್ಮ ಅಜ್ಜಿಯ ಅಜ್ಜಿಯ ಕಾಲದಲ್ಲೂ ನಡೆಯುತ್ತಿತ್ತು. ಜೋರಾಗಿ ಏನಲ್ಲ. ಬೆಳಿಗ್ಗೆ ಅಂಗಳ ಗುಡಿಸುವಾಗ ಎದುರಿಗಿದ್ದ ಬಂಡೆ ಸಂಜೆ ದೀಪ ಹಚ್ಚುವಾಗ ಒಂದು ಗೇಣು ಹಿಂದಕ್ಕೆ ಸರಿದಿರುತ್ತದೆ, ಅಷ್ಟೇ. ಆ ಬಂಡೆಯ ಮೇಲೆ ಹಪ್ಪಳ ಒಣಗಲು ಹಾಕಿ ಮರೆತು ನಾಲ್ಕು ದಿನ ತವರಿಗೆ ಹೋದವರು ಮಾತ್ರ ಪೇಚಾಡುತ್ತಾರೆ.

ನಡೆಯಬೇಕೆಂದರೆ ಊರು ನೆಲವನ್ನು ಹಿಡಿಯಬೇಕು. ಹಾಗಾಗಿ ಊರಿನ ಮುಂದಿನ ಅಂಚಿನಲ್ಲಿ ಹಿಡಿ ಹಾಕುತ್ತೇವೆ. ಮೊಣಕಾಲು ಮುಳುಗುವಷ್ಟು ಗುಂಡಿ ತೋಡಿ ಒಬ್ಬರು ಅದರಲ್ಲಿ ಕಾಲು ಊರಿ ನಿಲ್ಲುತ್ತಾರೆ. ಊರಿನ ಅಡಿಯಿಂದ ಹೊರಬರುವ ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. ಹೀಗೆ ನಿಂತವರನ್ನು ಮೊದಲ ಕೈ ಎನ್ನುತ್ತೇವೆ. ಹಗ್ಗ ಸಡಿಲವಾಗಿಯೇ ಇದ್ದರೆ ಅವರು ಸ್ವಲ್ಪ ಹೊತ್ತು ನಿಂತು, ಆಕಳಿಸಿ, ಕಾಲು ಕೊಡವಿಕೊಂಡು ಮನೆಗೆ ಹೋಗುತ್ತಾರೆ. ಮುಂದಿನ ಅಂಚಿನಲ್ಲಿ ಹುಟ್ಟುವ ಹೆಚ್ಚಿನ ಹಿಡಿಗಳ ಹಣೆಬರಹ ಇಷ್ಟೇ. ಆದರೆ ಹಗ್ಗ ಬಿಗಿಯಾಯಿತೋ, ಮೊದಲ ಕೈಯವರ ತೋಳು ನೀಳವಾಗಿ ಚಾಚಿಕೊಳ್ಳುತ್ತದೆ. ಮಡಿಚಿದ ತೋಳಿನಲ್ಲಿ ಇನ್ನೊಬ್ಬರಿಗೆ ಹಿಡಿಯಲು ಜಾಗವಿಲ್ಲ. ಚಾಚಿದ ತೋಳಿನಲ್ಲಿ ಮಣಿಕಟ್ಟು ಇದೆ, ಮೊಣಕೈ ಇದೆ, ರಟ್ಟೆ ಇದೆ. ದಾರಿಯಲ್ಲಿ ಹೋಗುವವರು ಬಂದು ಅಲ್ಲಲ್ಲಿ ಹಿಡಿಯುತ್ತಾರೆ, ಹಿಡಿದವರ ಸೊಂಟವನ್ನು ಇನ್ನೊಬ್ಬರು ಹಿಡಿಯುತ್ತಾರೆ, ನೋಡನೋಡುತ್ತ ಅದೊಂದು ದೊಡ್ಡ ಗುಂಪಾಗುತ್ತದೆ.

ಬಿಗಿದ ತೋಳನ್ನು ಕಂಡೂ ಹಿಡಿಯದೆ ಹೋಗಬಾರದು. ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವ ನಡತೆ ಇದು. ಹಿರಿಯರಿಗೆ ನಮಸ್ಕಾರ ಮಾಡುವುದು ಆಮೇಲೆ. ಹಾಗೆಂದು ದಿನವಿಡೀ ಅಲ್ಲೇ ನಿಲ್ಲಬೇಕೆಂದೇನಿಲ್ಲ. ಸಂತೆಗೆ ಹೊರಟವಳು ಬುಟ್ಟಿ ಕೆಳಗಿಟ್ಟು ನಾಲ್ಕು ಮಾತಾಡುವಷ್ಟು ಹೊತ್ತು ಹಿಡಿಯುತ್ತಾಳೆ, ಹೋಗುತ್ತಾಳೆ. ಅವಳು ಬಿಟ್ಟ ಜಾಗಕ್ಕೆ ಕ್ಷೌರಕ್ಕೆ ಹೊರಟವನು ಬರುತ್ತಾನೆ. ಮೊದಲ ಕೈಯವರೂ ಊಟಕ್ಕೆ, ನಿದ್ದೆಗೆ ಗುಂಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾರೆ. ಬೆಳಿಗ್ಗೆ ಇದ್ದ ಒಬ್ಬರೂ ಮಧ್ಯಾಹ್ನ ಇರುವುದಿಲ್ಲ, ಹಿಡಿ ಮಾತ್ರ ಹಾಗೇ ಇರುತ್ತದೆ. ಅದು ಇದ್ದಲ್ಲೇ ಇರುತ್ತದೆ, ಊರು ಅದರ ಪಕ್ಕದಲ್ಲಿ ಸರಿದು ಮುಂದೆ ಹೋಗುತ್ತದೆ. ಈಗ ಶಾಲೆಯ ಮುಂದಿರುವ ಹಿಡಿ ಬೇಸಿಗೆಗೆ ಗಿರಣಿಯ ಪಕ್ಕ ಬರುತ್ತದೆ, ಮಳೆಗಾಲಕ್ಕೆ ಹಿಂದಿನೋಣಿಯ ಕೊನೆಗೆ ಬರುತ್ತದೆ. ಅಲ್ಲಿಗೆ ಅದರ ಕೆಲಸ ಮುಗಿಯಿತು, ಬಿಡಿಸಬೇಕು. ಬಿಡಿಸದಿದ್ದರೆ ಮುಂದಕ್ಕೆ ಊರು ಎಳೆಯುತ್ತದೆ, ಹಿಂದಕ್ಕೆ ಹಿಡಿ ಎಳೆಯುತ್ತದೆ, ನಡುವಿನ ಮನೆಗಳು ಸೀಳುತ್ತವೆ. ಬಹಳ ಹಿಂದೆ ಹಾಗೆ ಹರಿದು ಬಿಟ್ಟುಹೋದ ಓಣಿಯೊಂದು ಯಾವುದೋ ಬಯಲಲ್ಲಿ ಇನ್ನೂ ಇದೆಯಂತೆ. ಅಲ್ಲಿನವರು ಏನಾದರೆಂದು ಯಾರಿಗೂ ಗೊತ್ತಿಲ್ಲ.

ಬಿಡಿಸುವವಳು ನಾನು, ಹೆಸರು ನೀಲವ್ವ. ಬಿಡಿಸುವವರು ಯಾವ ಹಿಡಿಯನ್ನೂ ಹಿಡಿಯುವಂತಿಲ್ಲ. ಹಿಡಿದು ರೂಢಿಯಾದ ಕೈಗೆ ಬಿಡಿಸಲು ಮನಸ್ಸು ಬರುವುದಿಲ್ಲ ಎಂದು ಹಿರಿಯರು ಮಾಡಿದ ಕಟ್ಟಳೆ. ಹೀಗಾಗಿ ಊರಿನ ಹರಟೆಯೆಲ್ಲ ನನ್ನನ್ನು ಬಿಟ್ಟೇ ನಡೆಯುತ್ತದೆ. ಹಬ್ಬಕ್ಕೆ ಹೋಳಿಗೆ ಕಳಿಸಲು ಮಾತ್ರ ಮರೆಯುವುದಿಲ್ಲ. ಬಿಡಿಸುವುದೆಂದರೆ ಕೈ ಕಿತ್ತು ತೆಗೆಯುವುದೆಂದು ತಿಳಿದವರಿದ್ದಾರೆ. ಹಾಗಲ್ಲ. ಹಿಡಿದವರು ತಾವಾಗಿಯೇ ಹೋಗುತ್ತಾರೆ, ಹೊಸಬರು ಬರದಂತೆ ನೋಡಿಕೊಂಡರೆ ಸಾಕು. ಓಣಿಯ ತಿರುವಿನಲ್ಲಿ ನಿಂತು ಒಬ್ಬಳಿಗೆ ಒಲೆಯ ಮೇಲಿನ ಹಾಲು ನೆನಪಿಸುತ್ತೇನೆ, ಇನ್ನೊಬ್ಬನಿಗೆ ಗಿರಣಿಯಲ್ಲಿ ಈಗ ಪಾಳಿಗೆ ನಿಂತವರೇ ಇಲ್ಲ ಎನ್ನುತ್ತೇನೆ, ಬಾಯಿಬಡುಕರನ್ನು ನಾನೇ ಮಾತಿಗೆ ಕೂರಿಸಿಕೊಳ್ಳುತ್ತೇನೆ. ಸುಳ್ಳು ಹೇಳುತ್ತೀಯಾ ಎಂದರೆ, ಹೇಳುತ್ತೇನೆ. ಸಂಜೆಯೊಳಗೆ ಹಿಡಿ ತೆಳ್ಳಗಾಗುತ್ತದೆ. ಕೊನೆಗೆ ಮೊದಲ ಕೈಯವರು ಹಗ್ಗ ಬಿಟ್ಟು, ಗುಂಡಿ ಮುಚ್ಚಿ, ಊರೆಲ್ಲ ದಾಟಿ ಮುಂದಿನ ಅಂಚಿಗೆ ಹೋಗಿ ಹೊಸ ಗುಂಡಿಯಲ್ಲಿ ಕಾಲಿಡುತ್ತಾರೆ.

ಒಮ್ಮೆ ನನ್ನ ಅಂಗೈಗೆ ಕುಡುಗೋಲು ತಾಗಿತ್ತು. ದವಾಖಾನೆಯ ಶಕೀಲಾ ಡಾಕ್ಟರು ಪಟ್ಟಿ ಕಟ್ಟುತ್ತ ಒಂದು ವಿಷಯ ಹೇಳಿದರು. ಗಾಯ ಮಾಯುವುದೆಂದರೆ ಸುತ್ತಲಿನ ಜೀವಕೋಶಗಳು ಬರಿದಾದ ಜಾಗಕ್ಕೆ ತೆವಳಿಕೊಂಡು ಬರುವುದಂತೆ. ಒಂದೊಂದು ಕೋಶವೂ ಮುಂದೆ ಹಿಡಿಯುತ್ತದೆ, ಹಿಂದೆ ಬಿಡುತ್ತದೆ. ಹಿಡಿಯುವ ಕಡೆ ಪ್ರೋಟೀನುಗಳು ಬಂದು ಸೇರುತ್ತವೆ. ಸೆಳೆತ ಬಿದ್ದಾಗ ಮಡಿಚಿಕೊಂಡಿದ್ದ ಒಂದು ಪ್ರೋಟೀನು ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಜಾಗಕ್ಕೆ ಇನ್ನೊಂದು ಬಂದು ಹತ್ತಿಕೊಳ್ಳುತ್ತದೆ. ಬಂದದ್ದು ತುಸು ಹೊತ್ತು ನಿಂತು ಹೋಗುತ್ತದೆ, ಮತ್ತೊಂದು ಬರುತ್ತದೆ.

“ಹಿಂದ ಬಿಡಾಕ ಬರಲಿಲ್ಲಂದ್ರ ಏನಾಗತೈತ್ರಿ?” ಎಂದು ಕೇಳಿದೆ. ನನಗೆ ನನ್ನ ಕಸುಬಿನದೇ ಚಿಂತೆ.

“ಇದ್ದಲ್ಲೇ ಸಿಕ್ಕೊಂಡು ಕೂಡತೈತಿ ನೀಲವ್ವ. ಇಲ್ಲಾ, ಬಾಲ ಹರಕೊಂಡು ಮುಂದ ಹೋಗತೈತಿ” ಎಂದರು ಡಾಕ್ಟರು.

ನನ್ನ ಅಂಗೈಯೊಳಗೂ ಹಿಂದಿನ ಹಿಡಿ ಬಿಡಿಸುವ ನನ್ನಂಥವರು ಓಡಾಡಿಕೊಂಡಿದ್ದಾರೆಂದು ಕೇಳಿ ಖುಷಿಯಾಯಿತು. ಅವರನ್ನೂ ಉಳಿದವರು ಮಾತಿಗೆ ಕರೆಯುತ್ತಾರೋ ಇಲ್ಲವೋ.

ಇಷ್ಟೆಲ್ಲ ಹೇಳಬೇಕಾದದ್ದು ನನ್ನ ಅತ್ತೆಯ ಸಲುವಾಗಿ. ಅತ್ತೆ ಬಸಲಿಂಗವ್ವ ಊರಿಗೇ ಹೆಸರಾದ ಮೊದಲ ಕೈ. ಅವಳು ಗುಂಡಿಗೆ ಇಳಿದರೆ ಆ ಹಿಡಿ ನಿಂತಿತೆಂದೇ ಲೆಕ್ಕ. ಸಣ್ಣ ವಯಸ್ಸಿಗೇ ಗಂಡ ಹೋದ, ಮಡಿಲಲ್ಲಿ ಒಬ್ಬ ಮಗ, ಅವನೇ ನನ್ನ ಗಂಡ ಮಲ್ಲೇಶಿ. ಮನೆಯಲ್ಲಿ ಅತ್ತೆಯ ಬಾಯಿಂದ ಮಾತು ಬರುವುದೇ ಅಪರೂಪ. ರೊಟ್ಟಿ ಹಾಕಿದರೆ ತಿನ್ನುವಳು, ಹಾಕದಿದ್ದರೆ ಕೇಳುವಳಲ್ಲ. ನಮ್ಮಿಬ್ಬರ ನಡುವೆ ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ. ಆದರೆ ಹಿಡಿಯಲ್ಲಿ ನಿಂತ ಅತ್ತೆಯನ್ನು ನೋಡಬೇಕಿತ್ತು. ಎಡಗೈ ಹಿಡಿದವಳ ಜೊತೆ ನಗು, ಬಲಗೈ ಹಿಡಿದವನಿಗೆ ಬೈಗುಳ, ಸೊಂಟ ಹಿಡಿದ ಹೊಸ ಮದುಮಗಳಿಗೆ ಕಿವಿಮಾತು. ಈ ಹೆಂಗಸು ನಮ್ಮ ಮನೆಯವಳೇ ಹೌದೇ ಎಂದು ನಾನು ದೂರದಿಂದ ನೋಡಿ ಬೆರಗಾದದ್ದುಂಟು. ಒಳಗೊಳಗೇ ಹೊಟ್ಟೆಕಿಚ್ಚೂ ಆಗಿದ್ದುಂಟು.

ಹೋದ ವರ್ಷ ಅವಳ ಭುಜದ ಕೀಲು ಒಮ್ಮೆ ತಪ್ಪಿತು. ಊರಿನ ಹಿರಿಯ ಶಿವಪುತ್ರಪ್ಪ ಮನೆಗೇ ಬಂದು ಬಹಳ ಮರ್ಯಾದೆಯಿಂದ ಹೇಳಿದ: “ಯಕ್ಕಾ, ಈ ಹಿಡಿ ಮುಗಿಸಿ ಬಿಡ್ರಿ. ಮುಂದಿನ ಅಂಚಿಗೆ ಇನ್ನ ಹರೇದವರು ನಿಲ್ಲಲಿ. ನೀವು ಮನ್ಯಾಗ ಆರಾಮ ಇರ್ರಿ.” ಅತ್ತೆ ತಲೆ ಆಡಿಸಿದಳು. ಮನೆಯಲ್ಲಿ ಆರಾಮ ಇರುವುದೆಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಕೊನೆಯ ಹಿಡಿ ಶಾಲೆಯನ್ನು ದಾಟಿ, ಗಿರಣಿಯನ್ನು ದಾಟಿ ಹಿಂದಿನೋಣಿಗೆ ಬರುವ ಹೊತ್ತಿಗೆ ಅತ್ತೆ ಗುಂಡಿಯನ್ನು ಯಾರಿಗೂ ಬಿಟ್ಟುಕೊಡುವುದನ್ನು ನಿಲ್ಲಿಸಿದಳು. ಅಲ್ಲೇ ಒಂದು ಮಣೆ ಹಾಕಿಸಿಕೊಂಡಳು. ಹಗ್ಗವನ್ನು ಮುಂಗೈಗೆ ಸುತ್ತಿಕೊಂಡು ಕೂತಲ್ಲೇ ತೂಕಡಿಸಿದಳು. ಬುತ್ತಿ ನಾನೇ ಒಯ್ಯುತ್ತಿದ್ದೆ. “ಅತ್ತಿ, ಹೊತ್ತಾತ್ರಿ, ಬಿಡಬೇಕು” ಎಂದರೆ, “ನಾಳಿಗಿ ನೋಡೂಣಂತ” ಎನ್ನುತ್ತಿದ್ದಳು. ನಾಳೆಗೆ ಹೋದರೆ ಮತ್ತೆ ನಾಳೆ. ಮಲ್ಲೇಶಿಯನ್ನು ಕಳಿಸಿದರೆ ಅವನು ಅವ್ವನ ರಟ್ಟೆ ಹಿಡಿದು ನಿಂತು ಕಣ್ಣೊರೆಸಿಕೊಂಡು ವಾಪಸು ಬಂದ.

ಹಿಂದಿನೋಣಿ ಎಂದರೆ ಊರಿನ ಬಾಲ. ಎಳೆತವೆಲ್ಲ ಅಲ್ಲೇ ಬೀಳುತ್ತದೆ. ಹಗ್ಗ ತಂತಿಯ ಹಾಗೆ ಬಿಗಿಯಿತು, ಅತ್ತೆಯ ತೋಳು ಎಂದೂ ಇಲ್ಲದಷ್ಟು ಚಾಚಿತು, ಅಷ್ಟು ಚಾಚಿದ ತೋಳನ್ನು ಕಂಡು ಜನ ಎಂದೂ ಇಲ್ಲದಷ್ಟು ಬಂದರು. ಅತ್ತೆಯ ಮುಖದಲ್ಲಿ ಮದುವೆ ಮನೆಯ ಕಳೆ. ಇತ್ತ ಓಣಿಯ ಮನೆಗಳಲ್ಲಿ ಬಿರುಕು ಶುರುವಾಯಿತು. ಓಣಿಯ ನಡುವೆ ಇರುವ ಚಂಬವ್ವನ ಮನೆಯ ಗೋಡೆಯಲ್ಲಿ ಮೊದಲು ಬೆರಳು ಹೋಗುವಷ್ಟು ಸಂದಿ, ಆಮೇಲೆ ಬೆಕ್ಕು ಹೋಗುವಷ್ಟು. ಚಂಬವ್ವ ಬಾಣಂತನ ಮುಗಿಸಿ ಎದ್ದಿದ್ದಳಷ್ಟೇ. ಓಣಿಯವರು ಹೆದರಿದರು. ಹೆದರಿ ಮಾಡಿದ್ದೇನು? ಎಲ್ಲರೂ ಓಡಿಬಂದು ಅತ್ತೆಯನ್ನೇ ಹಿಡಿದರು! ಗೋಡೆ ಬಿರಿದಷ್ಟೂ ಹಿಡಿದರು. ನಾನು ತಿರುವಿನಲ್ಲಿ ನಿಂತು ಹಾಲು, ಗಿರಣಿ, ಅಳುವ ಕೂಸು ಎಲ್ಲವನ್ನೂ ನೆನಪಿಸಿದೆ. ಯಾರೂ ಕೇಳಲಿಲ್ಲ.

“ಮನಿ ಹರದು ಹೊಂಟೈತಿ, ನೀ ಹಿಡೀಬ್ಯಾಡ ಅಂತಿಯಲ್ಲ, ತಲಿ ನೆಟ್ಟಗೈತೇನು ನಿಂದು?” ಎಂದು ಒಬ್ಬ ನನಗೇ ಗದರಿದ.

ಅವನ ಮನೆಯನ್ನು ಹರಿಯುತ್ತಿದ್ದುದು ಅವನ ಕೈಯೇ ಎಂದು ಹೇಗೆ ಹೇಳುವುದು? ಹುಟ್ಟಿದಾಗಿನಿಂದ ಕಲಿತದ್ದು ಬಿಗಿಯಾದರೆ ಹಿಡಿ ಎಂಬುದೊಂದೇ.

ಶಿವಪುತ್ರಪ್ಪನಿಗೆ ತಾಳ್ಮೆ ತಪ್ಪಿತು. ಜೋಡಿ ಎತ್ತು ತರಿಸಿದ. ಹಗ್ಗಕ್ಕೆ ನೊಗ ಕಟ್ಟಿ ಊರಿನ ಕಡೆಗೆ ಎಳೆಸಿದರೆ ಮುದುಕಿಯ ಕೈಯಿಂದ ಜಾರೀತೆಂದು ಅವನ ಎಣಿಕೆ. ಬೇಡ, ಎಳೆದಷ್ಟೂ ಕೂಡುತ್ತಾರೆ ಎಂದು ಬಡಿದುಕೊಂಡೆ. ಎತ್ತು ಎರಡು ಹೆಜ್ಜೆ ಜಗ್ಗಿದವು. ಅತ್ತೆಯ ತೋಳು ಇನ್ನೊಂದಿಷ್ಟು ನೀಳವಾಯಿತು. ಅದನ್ನು ಕಂಡ ಎತ್ತು ಹೊಡೆಯುವವನು ಬಾರುಕೋಲು ಬಿಸಾಡಿ ಓಡಿಹೋಗಿ ಅವಳ ಮೊಣಕೈ ಹಿಡಿದ. ಅವನ ಹಿಂದೆ ನೋಡಲು ಬಂದವರೆಲ್ಲ ಹಿಡಿದರು. ಧೂಳು ಇಳಿದ ಮೇಲೆ ನೋಡಿದರೆ ಶಿವಪುತ್ರಪ್ಪನೇ ಕಣ್ಣು ಮುಚ್ಚಿಕೊಂಡು ಯಾರದೋ ಸೊಂಟ ತಬ್ಬಿ ನಿಂತಿದ್ದ. ಅದೇ ಹೊತ್ತಿಗೆ ಚಂಬವ್ವನ ಅಡುಗೆಮನೆಯ ಜಂತೆ ಕುಸಿಯಿತು. ಪುಣ್ಯಕ್ಕೆ ಅವಳು ಕೂಸಿನ ಜೊತೆ ಹೊರಗಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. “ನಾಳೆ ಒಂದ ದಿನ ನನ್ನ ಮಾತು ಕೇಳ್ರಿ. ಇಲ್ಲಂದ್ರ ಓಣೀನ ಇಲ್ಲೇ ಬಿಟ್ಟು ಹೋಗೂಣು” ಎಂದು ಚೀರಿದೆ. ನಾನು ದನಿ ಎತ್ತಿದ್ದನ್ನು ಅವರು ಕೇಳಿರಲೇ ಇಲ್ಲ, ಅದಕ್ಕೇ ಸುಮ್ಮನಾದರು. ನಾನು ಹೇಳಿದ್ದು ಇಷ್ಟೇ: ಹಿಡಿಯಬೇಡಿ ಎನ್ನುವುದಿಲ್ಲ, ಹಿಡಿಯಿರಿ, ಆದರೆ ಮುಂದಿನ ಅಂಚಿಗೆ ಹೋಗಿ ಹಿಡಿಯಿರಿ. ಊರಿನವರೆಲ್ಲ, ಹಿಂದಿನೋಣಿಯವರೂ ಸೇರಿ, ಅಲ್ಲಿ ಎಷ್ಟಾದರೂ ಹಿಡಿ ಹಾಕಿ. ಇಲ್ಲಿಗೆ ಮಾತ್ರ ಯಾರೂ ಬರಬೇಡಿ. ಹೆದರಿದವರಿಗೆ ಸುಮ್ಮನಿರಿ ಎಂದರೆ ಆಗುವುದಿಲ್ಲ, ಕೈಗೆ ಏನಾದರೂ ಕೊಡಬೇಕು.

ಮರುದಿನ ಬೆಳಿಗ್ಗೆ ಓಣಿ ಖಾಲಿಯಾಯಿತು. ಕೂಸಿನ ತಾಯಿ ಎಂದು ಚಂಬವ್ವನನ್ನು ಮಾತ್ರ, ಏನೂ ಹೇಳದೆ, ಬಿರುಕು ಬೀಳದ ಪಡಸಾಲೆಯಲ್ಲಿ ಮಲಗಲು ಬಿಟ್ಟಿದ್ದರು. ಅತ್ತೆಯನ್ನು ರಾತ್ರಿಯಿಂದ ಹಿಡಿದಿದ್ದವರು ಒಬ್ಬೊಬ್ಬರಾಗಿ ಹೊಟ್ಟೆಗೆ, ನೀರಿಗೆ ಎಂದು ಎದ್ದು ಹೋದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಗುಂಡಿಯಲ್ಲಿ ಅತ್ತೆ ಒಬ್ಬಳೇ. ಇಡೀ ಬಾಲದ ಎಳೆತ ಅವಳ ಎರಡು ತೋಳಿನ ಮೇಲೆ ಬಿದ್ದಿತ್ತು. ತುಟಿ ಕಚ್ಚಿಕೊಂಡಿದ್ದಳು. ತಪ್ಪಿದ್ದ ಭುಜ ನಡುಗುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಹೀಗೇ ಹೋದರೆ ಹಗ್ಗ ಬಿಡುವುದಲ್ಲ, ತೋಳೇ ಕಿತ್ತು ಬರುತ್ತದೆ ಎಂದು ನನಗೆ ಭಯವಾಯಿತು. ಹತ್ತಿರ ಹೋಗಿ ಗುಂಡಿಯ ದಂಡೆಯ ಮೇಲೆ ಕೂತೆ.

“ಬಂದ್ಯಾ” ಎಂದಳು ಅತ್ತೆ.

“ಬಿಟ್ಟುಬಿಡ್ರಿ ಅತ್ತಿ.”

“ಎಲ್ಲಾರ್ನೂ ಕಳಿಸಿದಿ. ಚಲೋ ಮಾಡಿದಿ, ನಿನ್ನ ಕೆಲಸ ನೀ ಮಾಡಿದಿ.” ಗುಂಡಿಯಲ್ಲಿ ಕಾಲು ಇನ್ನಷ್ಟು ಒತ್ತಿ ಊರಿದಳು. “ಒಂದ ಮಾತು ಹೇಳ್ತೀನಿ ಕೇಳು. ಈ ಊರಾಗ ನನ್ನ ಕೈ ಮುಟ್ಟದವರು ಯಾರೂ ಇಲ್ಲ. ನೀ ಒಬ್ಬಾಕಿ ಬಿಟ್ಟು.”

“ನಾ ಮುಟ್ಟೂಹಂಗಿಲ್ಲಲ್ರಿ.”

“ಗೊತ್ತೈತಿ ಬಿಡು. ಬೈಯಾಕತ್ತಿಲ್ಲ.” ಹಗ್ಗ ಕಿರ್ರೆಂದಿತು. “ಜಗ್ಗಿದಾಗ ಮಂದಿ ಬರ್ತಾರ ನೀಲವ್ವ. ಸಡಿಲಾದ ಮ್ಯಾಲ ಯಾರು ಬರ್ತಾರ? ಮನ್ಯಾಗ ಕುಂತ ಮುದುಕಿ ಕೈ ಹಿಡಿಯಾಕ ಯಾರಿಗೇನು ಬಿದ್ದೈತಿ?”

ಓಣಿಯ ತಿರುವಿನಲ್ಲಿ ನಿಂತು ಎಷ್ಟು ಜನರನ್ನು ಮಾತಿನಲ್ಲೇ ತಿರುಗಿಸಿ ಕಳಿಸಿದವಳು ನಾನು.  ಅತ್ತೆಗೆ ಮಾತ್ರ, ಬರುತ್ತಾರೆ ಎಂಬ ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಅವಳ ಮೊಣಕೈ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿ ಬಿಗಿದುಕೊಂಡಿತ್ತು. ಹಿಡಿಯಲೇ ಎಂದು ಕೈ ಮೇಲೆದ್ದದ್ದು ನಿಜ. ನಾನು ಹಿಡಿದರೆ ಹಿಡಿಗೆ ಮತ್ತೆ ಜೀವ ಬರುತ್ತದೆ, ಓಣಿ ಹೋಗುತ್ತದೆ. ಕೈಯನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತೆ. ಅಂಥ ಹೊತ್ತು ನನ್ನ ಹಗೆಗೂ ಬೇಡ.

ಆಗ ಚಂಬವ್ವ ಬಂದಳು. ಅವಳದೇನೂ ತಪ್ಪಿಲ್ಲ. ಬಾಗಿಲಿಗೆ ಬಂದಿದ್ದಾಳೆ, ಒಬ್ಬಂಟಿ ಮುದುಕಿಯ ಬಿಗಿದ ತೋಳು ಕಂಡಿದೆ, ಕಾಲು ತಾನಾಗಿಯೇ ಹೊರಟಿದೆ. ಸೊಂಟದ ಮೇಲೆ ಕೂಸು. ಅವಳ ಅಂಗಳದ ನಡುವೆ ಬಾಯಿ ಬಿಟ್ಟಿದ್ದ ಬಿರುಕು ಈಗ ಒಂದು ಕಾಲುವೆಯಷ್ಟಾಗಿತ್ತು. ಚಂಬವ್ವ ಕೂಸನ್ನು ಅವಚಿಕೊಂಡು ಅದನ್ನು ದಾಟಿದಳು. ದಾಟುವಾಗ ಅಂಚಿನ ಮಣ್ಣು ಕುಸಿದು ಒಂದು ಕಾಲು ಜಾರಿತು, ಹೇಗೋ ಸಾವರಿಸಿಕೊಂಡಳು. ನಾನು ಎದ್ದು ನಿಂತೆ. ಅತ್ತೆ ಅದನ್ನೆಲ್ಲ ನೋಡುತ್ತಿದ್ದಳು. ಇಷ್ಟು ದಿನ ಅವಳ ಸುತ್ತ ಜನ ಎಷ್ಟು ಕಿಕ್ಕಿರಿದಿದ್ದರೆಂದರೆ ಆ ಬಿರುಕು ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಚಂಬವ್ವ ಕೂಸನ್ನು ಎಡಕ್ಕೆ ಹೊರಳಿಸಿಕೊಂಡು ಬಲಗೈ ಚಾಚಿದಳು. “ಯವ್ವಾ, ಎಲ್ಲಿ ಹೋದ್ರ ಎಲ್ಲಾರೂ? ನಾ ಹಿಡೀತೀನಿ ತಡಿ.”

“ಬ್ಯಾಡವಾ” ಎಂದಳು ಅತ್ತೆ.

ಚಂಬವ್ವನ ಕೈ ಅಲ್ಲೇ ನಿಂತಿತು. ಯಾವ ಮೊದಲ ಕೈಯವರೂ ಬಂದ ಕೈಯನ್ನು ಬೇಡ ಎಂದದ್ದು ಅವಳು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

“ಬ್ಯಾಡ ನನ ಕಂದಾ. ಕೂಸಿಗಿ ಬಿಸಲು ಬಡೀತೈತಿ. ಆ ಕಡಿಯಿಂದ ಸುತ್ತು ಹಾಕಿ ಹೋಗು, ಬಿರುಕು ದಾಟಬ್ಯಾಡ. ನಂಗ ಇಲ್ಲಿ ನಮ್ಮ ನೀಲವ್ವ ಅದಾಳ.”

ಚಂಬವ್ವ ಹಿಂದೆ ಮುಂದೆ ನೋಡುತ್ತ ಹೋದಳು. ಅವಳು ಮರೆಯಾಗುವವರೆಗೂ ಅತ್ತೆ ಕಣ್ಣು ಕೀಳಲಿಲ್ಲ. ಆಮೇಲೆ ಮುಂಗೈಗೆ ಸುತ್ತಿದ್ದ ಹಗ್ಗವನ್ನು ಇನ್ನೊಂದು ಕೈಯ ಬೆರಳಿನಿಂದ ಎಬ್ಬಿಸಿ ಒಂದು ಸುತ್ತು ಬಿಚ್ಚಿದಳು. ಇನ್ನೊಂದು ಸುತ್ತು ಬಿಚ್ಚಿದಳು.  ಬೆರಳು ಬಿಡಿಸಿದಳು.

ಹಗ್ಗ ಸುಂಯ್ ಎಂದು ಊರಿನ ಅಡಿಗೆ ಹೋಯಿತು. ಹಿಂದಿನೋಣಿ ಒಮ್ಮೆಲೇ ಮುಂದಕ್ಕೆ ಜಿಗಿಯಿತು. ಬಿರುಕುಗಳು ಒಂದಕ್ಕೊಂದು ಕೂಡಿಕೊಂಡವು. ಹೆಂಚು ಸಡಿಲಾಗಿ ಒಂದೆರಡು ಬಿದ್ದ ಸದ್ದಾಯಿತು, ಚಂಬವ್ವನ ಕೂಸು ಅತ್ತಿತು, ಮತ್ತೆ ಸುಮ್ಮನಾಯಿತು. ನಾನು ದಂಡೆಯಿಂದ ಉರುಳಿ ಬಿದ್ದಿದ್ದೆ. ಎದ್ದು ನೋಡಿದರೆ ಓಣಿಯ ಕೊನೆಯ ಮನೆ ನಮ್ಮಿಂದ ಒಂದು ಕೂಗಳತೆ ದೂರದಲ್ಲಿತ್ತು. ನಾವಿಬ್ಬರೂ ಬಯಲಲ್ಲಿದ್ದೆವು.

ಅತ್ತೆಯನ್ನು ಗುಂಡಿಯಿಂದ ಮೇಲೆತ್ತಿದೆ. ಅವಳು ಕಾಲಿನಿಂದಲೇ ಮಣ್ಣು ತಳ್ಳಿ ಗುಂಡಿ ಮುಚ್ಚಿದಳು, ಅದನ್ನು ನನಗೆ ಬಿಡಲಿಲ್ಲ. ಆದರೆ ಅವಳ ತೋಳು ಮಡಿಚಲು ಬರಲಿಲ್ಲ. ಎರಡೂ ಕೈ ಮುಂದಕ್ಕೆ ಚಾಚಿದ ಹಾಗೇ ನಿಂತಿದ್ದವು.

“ನೋಡಿವನ್ನ. ಯಾರರ ಕಂಡ್ರ ನಗತಾರ” ಎಂದಳು. ನಗಲು ಹೋದಳು, ಆಗಲಿಲ್ಲ. ತೋಳು ಹಾಗೇ ಚಾಚಿಕೊಂಡು, ಒರೆಸಿಕೊಳ್ಳಲೂ ಬಾರದೆ, ಸುಮ್ಮನೆ ಅತ್ತಳು. ನನಗೂ ತಡೆಯಲಾಗಲಿಲ್ಲ. ಸೆರಗಿನಿಂದ ಮೊದಲು ಅವಳ ಮುಖ ಒರೆಸಿದೆ, ಆಮೇಲೆ ನನ್ನದು.

ಊರು ಮುಂದೆ ಸರಿಯುತ್ತಿತ್ತು, ನಡೆಯಬೇಕಿತ್ತು. ನಾನು ಅವಳ ಬಲಗೈ ಹಿಡಿದೆ. ಜೀವಮಾನದಲ್ಲಿ ಯಾರ ತೋಳನ್ನೂ ಹಿಡಿದು ಗೊತ್ತಿಲ್ಲದ ನನಗೆ ಎಲ್ಲಿ ಹಿಡಿಯಬೇಕೆಂದೂ ತಿಳಿಯಲಿಲ್ಲ. ಮಣಿಕಟ್ಟು ಹಿಡಿದೆ, ಸರಿಯಾಗಲಿಲ್ಲ, ಮೊಣಕೈಗೆ ಬಂದೆ.

“ಯಾಕ ಹಿಡದಿ? ಈಗೇನೂ ಜಗ್ಗೂದಿಲ್ಲಲ್ಲ” ಎಂದಳು ಅತ್ತೆ.

“ಗೊತ್ತೈತ್ರಿ.”

ಅವಳು ಕೈ ಬಿಡಿಸಿಕೊಳ್ಳಲಿಲ್ಲ. ಒಣಗಿದ ಹುಲ್ಲಿನ ಮೇಲೆ ಊರಿನ ಕಡೆಗೆ ಹೆಜ್ಜೆ ಹಾಕಿದೆವು. ಸ್ವಲ್ಪ ದೂರ ಹೋದ ಮೇಲೆ ನನ್ನ ಬೆರಳುಗಳನ್ನೇ ನೋಡುತ್ತ ಅವಳು ಹೇಳಿದಳು:

“ಇಷ್ಟು ವರ್ಷ ಒಂದ ಮನ್ಯಾಗ ಇದ್ದು, ನಿನ್ನ ಕೈ ಇಷ್ಟು ಬೆಚ್ಚಗ ಇರತಾವಂತ ನನಗ ಗೊತ್ತ ಇರಲಿಲ್ಲ ನೋಡು.”